ಹೈರೈಡರ್ರೋ, ವಿಟಾರಾನೋ? ಎರಡನ್ನೂ ನಮ್ಮ ಬಿಸಿಲಲ್ಲಿ ಓಡಿಸಿ ನೋಡಿದೆ

ಯಾದಗಿರಿಯ ನಮ್ಮಕ್ಕ ಕಾರು ತಗೋಬೇಕು ಅಂತ ಫೋನ್ ಮಾಡಿದಳು. ಒಂದು ಶೋರೂಮಿಗೆ ಹೋಗಿ, ಮೈಲ್ಡ್ ಹೈಬ್ರಿಡ್ ತಗೋಬೇಕಾ ಸ್ಟ್ರಾಂಗ್ ಹೈಬ್ರಿಡ್ ತಗೋಬೇಕಾ ಅಂತ ವಿಚಾರಿಸಿಯೂ ಬಂದಿದ್ದಳು. ಹೈಬ್ರಿಡ್ ಅಂದ್ರೆ ಪೆಟ್ರೋಲ್ ಇಂಜಿನ್ ಜೊತೆ ಕರೆಂಟಿನ ಮೋಟರೂ ಇರುವ ಗಾಡಿ. ಅಲ್ಲಿನ ಹುಡುಗ "ಎರಡೂ ಹೈಬ್ರಿಡ್ಡೇ ಮೇಡಂ, ಯಾವುದು ತಗೊಂಡ್ರೂ ಅಷ್ಟೇ" ಅಂದನಂತೆ. ಕೇಳಿ ನನಗೆ ಸಿಟ್ಟು ಬಂತು. ಮೈಲ್ಡ್, ಸ್ಟ್ರಾಂಗ್ ಎರಡರ ನಡುವೆ ಆಗ ಆನ್ ರೋಡ್ ಬೆಲೆಯಲ್ಲಿ ಮೂರೂವರೆ ಲಕ್ಷದಷ್ಟು ವ್ಯತ್ಯಾಸ ಇದ್ದಾಗ ಹಾಗೆ ಹೇಳಿ ಕಳಿಸಿದ್ದು ತಪ್ಪಲ್ವಾ?

ನನ್ನದು ಟೊಯೋಟಾ ಹೈರೈಡರ್, ಸ್ಟ್ರಾಂಗ್ ಹೈಬ್ರಿಡ್. ಕಲಬುರಗಿಯಲ್ಲೇ ಜಾಸ್ತಿ ಓಡುತ್ತದೆ. ಹುಮನಾಬಾದಿನ ನಮ್ಮ ಕಾಕಾನದು ಮಾರುತಿ ಗ್ರ್ಯಾಂಡ್ ವಿಟಾರಾ, ಮೈಲ್ಡ್ ಹೈಬ್ರಿಡ್, ಐದು ಗೇರಿನ ಮ್ಯಾನುವಲ್. ಅಕ್ಕನಿಗೆ ಅಂದಾಜಿನ ಮೇಲೆ ಹೇಳೋದು ಬೇಡ ಅಂತ ಮೇ ತಿಂಗಳಲ್ಲಿ ಮೂರು ವಾರ ನಾನು ಕಾಕಾ ಗಾಡಿ ಅದಲುಬದಲು ಮಾಡಿಕೊಂಡೆವು. ಮೇ ತಿಂಗಳು ಅಂದ್ರೆ ಗೊತ್ತಲ್ಲ, ನಮ್ಮ ಕಡೆ ಹನ್ನೊಂದು ಗಂಟೆಗೇ ಸ್ಟೇರಿಂಗ್ ಮುಟ್ಟೋಕೆ ಆಗಲ್ಲ.

ಮೊದಲು ಲೋಗೋ ವಿಷಯ ಮುಗಿಸಿಬಿಡ್ತೀನಿ. ಕಾಕಾನ ಮನೆ ಮುಂದಿನ ಬೇವಿನ ಮರದ ಕೆಳಗೆ ಎರಡೂ ಗಾಡಿ ಪಕ್ಕಪಕ್ಕ ನಿಲ್ಲಿಸಿದೆವು. ಎರಡು ಕೀಲಿಯನ್ನೂ ಅಂಗೈಯಲ್ಲಿ ಇಟ್ಟು ನೋಡಿದರೆ ಒಂದೇ ಅಚ್ಚು, ಗುಂಡಿಗಳೂ ಅವೇ, ಗುರುತು ಮಾತ್ರ ಬೇರೆ. ಒಳಗೆ ಕೂತರೆ ಏಸಿ ತಿರುಗಿಸುವ ಗುಂಡಿ, ಇಂಡಿಕೇಟರ್ ಕಡ್ಡಿ, ಸ್ಕ್ರೀನು, ಎಲ್ಲಾ ಅವೇ. ಬಾಗಿಲುಗಳೂ ಒಂದೇ. ಮುಂದಿನ ಮೋರೆ, ಹಿಂದಿನ ಲೈಟು, ವ್ಹೀಲು, ಒಳಗಿನ ಬಣ್ಣ ಬೇರೆ, ಅಷ್ಟೇ. 2022ರಲ್ಲಿ ಎರಡೂ ಮಾರ್ಕೆಟ್ಟಿಗೆ ಬಂದಾಗ ತಯಾರಾಗಿದ್ದೂ ಒಂದೇ ಕಡೆ, ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ. ಟೊಯೋಟಾ, ಮಾರುತಿ ಸುಜುಕಿ ನಡುವಿನ ಈ ಹಂಚಿಕೆ ಹೊಸದೂ ಅಲ್ಲ. 2019ರಲ್ಲೇ ಮಾರುತಿಯ ಬಲೆನೋ ಗಾಡಿ ಟೊಯೋಟಾ ಗ್ಲಾಂಜಾ ಅಂತ ಬಂದಿತ್ತು.

ಜನಕ್ಕೆ ಗೊತ್ತಿಲ್ಲದ ವಿಷಯ ಬಾನೆಟ್ ಒಳಗಿದೆ. ಮೈಲ್ಡ್ ಹೈಬ್ರಿಡ್ ತಗೊಂಡರೆ ಸುಜುಕಿಯ ನಾಲ್ಕು ಸಿಲಿಂಡರಿನ 1.5 ಲೀಟರ್ ಇಂಜಿನ್, ಲೋಗೋ ಟೊಯೋಟಾದ್ದೇ ಇದ್ದರೂ ಅದೇ. ಸ್ಟ್ರಾಂಗ್ ತಗೊಂಡರೆ ಟೊಯೋಟಾದ ಮೂರು ಸಿಲಿಂಡರಿನ 1.5 ಲೀಟರ್ ಇಂಜಿನ್ನು, ಜೊತೆಗೆ ಅದರದೇ ಮೋಟರು ಬ್ಯಾಟರಿ, ಲೋಗೋ ಸುಜುಕಿಯದ್ದಿದ್ದರೂ ಅದೇ. "ನಾನು ಟೊಯೋಟಾ ಇಂಜಿನ್ ಬೇಕು ಅಂತಲೇ ಟೊಯೋಟಾ ತಗೊಂಡೆ" ಅಂತ ಹೇಳುವ ಎಷ್ಟೋ ಜನರ ಗಾಡಿಯಲ್ಲಿ ಸುಜುಕಿ ಇಂಜಿನ್ ಇದೆ. ಅದು ಕೆಟ್ಟ ಇಂಜಿನ್ ಅಂತ ಅಲ್ಲ. ಕೊಳ್ಳುವವರಿಗೆ ಗೊತ್ತಿರಬೇಕು ಅಂತ ಹೇಳ್ತಿದ್ದೀನಿ. ಹಾಗಾಗಿ ನೋಡಬೇಕಾದ್ದು ಯಾವ ಕಂಪನಿ ಅಂತಲ್ಲ, ಯಾವ ಹೈಬ್ರಿಡ್ ಅಂತ.

ಮೈಲ್ಡ್ ಅಂದ್ರೆ ಆಲ್ಟರ್ನೇಟರ್ (ಗಾಡಿಗೆ ಕರೆಂಟು ತಯಾರಿಸುವ ಭಾಗ) ಜಾಗದಲ್ಲಿ ಒಂದು ಸಣ್ಣ ಮೋಟರು ಇಂಜಿನ್ನಿಗೆ ಸ್ವಲ್ಪ ಸಹಾಯ ಮಾಡುತ್ತದೆ. ಸಿಗ್ನಲ್ಲಿನಲ್ಲಿ ಇಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡುತ್ತದೆ. ಆದರೆ ಇಂಜಿನ್ ಇಲ್ಲದೆ ಗಾಡಿ ಮುಂದೆ ಹೋಗಲ್ಲ. ಸ್ಟ್ರಾಂಗ್‌ನಲ್ಲಿ ಮೋಟರು ಒಂದೇ ಗಾಡಿಯನ್ನು ಎಳೆಯಬಲ್ಲದು. ಬ್ಯಾಟರಿ ದೊಡ್ಡದೇನಲ್ಲ, 0.76 ಕಿಲೋವ್ಯಾಟ್ ಅವರ್. ಬ್ರೇಕ್ ಹಾಕಿದಾಗೆಲ್ಲ ತುಂಬುತ್ತದೆ, ಬೇಕಾದಾಗ ಇಂಜಿನ್ನೂ ತುಂಬಿಸುತ್ತದೆ, ಕಾಲು ಒತ್ತಿದಾಗ ಖಾಲಿಯಾಗುತ್ತದೆ. ಹೊರಗಿಂದ ಚಾರ್ಜ್ ಮಾಡುವ ಕೆಲಸವೇ ಇಲ್ಲ.

ನಮ್ಮೂರಲ್ಲಿ ಇದರ ನಿಜವಾದ ಬೆಲೆ ಗೊತ್ತಾಗೋದು ಏಸಿಯಲ್ಲಿ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಮಧ್ಯಾಹ್ನ ಜಾಮ್ ಆಗಿತ್ತು, ಕಾಕಾ ನನ್ನ ಗಾಡಿಯಲ್ಲಿ ಪಕ್ಕದಲ್ಲಿ ಕೂತಿದ್ದರು. ಇಂಜಿನ್ ಬಂದ್ ಆಗಿ ಒಂದು ನಿಮಿಷದ ಮೇಲಾಗಿತ್ತು. ಕೈಯನ್ನು ಏಸಿ ಗಾಳಿಯ ಮುಂದೆ ಹಿಡಿದು, "ಇಂಜಿನ್ ಬಂದ್ ಅದ, ಏಸಿ ಇನ್ನಾ ತಣ್ಣಗೇ ಬರ್ಲಾಕತ್ತದಲ್ಲೋ ತಮ್ಮಾ" ಅಂದರು. ಸ್ಟ್ರಾಂಗ್‌ನಲ್ಲಿ ಏಸಿ ಕಂಪ್ರೆಸರ್ ಕರೆಂಟಿನಲ್ಲಿ ನಡೆಯುತ್ತದೆ, ಬೆಲ್ಟಿನ ಹಂಗಿಲ್ಲ. ಕಾಕಾನ ಗಾಡಿಯಲ್ಲಿ ಇಂಜಿನ್ ನಿಂತರೆ ಬರೀ ಫ್ಯಾನು, ಅರ್ಧ ನಿಮಿಷಕ್ಕೆ ಬಿಸಿ ಗಾಳಿ. ಬಿಸಿಲು ಜೋರಿದ್ದಾಗಂತೂ ಅದು ಇಂಜಿನ್ ನಿಲ್ಲಿಸೋದೇ ಇಲ್ಲ, ಹಾಗಾಗಿ ಪೆಟ್ರೋಲ್ ಉಳಿಸುವ ಆ ಸೌಲಭ್ಯ ಮೇ ತಿಂಗಳಲ್ಲಿ ನಮಗೆ ಇದ್ದೂ ಇಲ್ಲದ ಹಾಗೆ. ನನ್ನದರಲ್ಲೂ ಬ್ಯಾಟರಿ ಬೇಗ ಇಳಿದು ಇಂಜಿನ್ ಮತ್ತೆ ಮತ್ತೆ ಚಾಲೂ ಆಗುತ್ತಿತ್ತು, ನಿಜ, ಆದರೆ ತಂಪು ಕಡಿಮೆಯಾಗಲಿಲ್ಲ.

ಎವರೇಜ್ ಲೆಕ್ಕ ಟ್ಯಾಂಕ್ ತುಂಬಿಸಿ ತುಂಬಿಸಿ ತೆಗೆದೆ. ಊರೊಳಗೆ, ಏಸಿ ಪೂರ್ತಿ ಹಾಕಿ, ಸ್ಟ್ರಾಂಗ್ ಲೀಟರಿಗೆ 21 ಕೊಟ್ಟಿತು, ಮೈಲ್ಡ್ ಹನ್ನೊಂದೂವರೆ. ಹುಮನಾಬಾದ್, ಬೀದರ್ ಕಡೆ ಹೈವೇಯಲ್ಲಿ ಎಂಬತ್ತು ತೊಂಬತ್ತರಲ್ಲಿ ಹೋದರೆ ಸ್ಟ್ರಾಂಗ್ 22, ಮೈಲ್ಡ್ ಹದಿನೆಂಟೂವರೆ. ಕಂಪನಿಯವರು ಹೇಳುವ 27.97, 21.11 ಎರಡೂ ನಮ್ಮ ಬೇಸಿಗೆಯಲ್ಲಿ ಬರಲ್ಲ. ಆದರೆ ನೋಡಿ, ಊರೊಳಗೆ ಹತ್ತಿರಹತ್ತಿರ ದುಪ್ಪಟ್ಟು ಇದ್ದ ವ್ಯತ್ಯಾಸ ಹೈವೇಗೆ ಬಂದಾಗ ಬರೀ ಮೂರೂವರೆಗೆ ಇಳಿಯಿತು. ಬ್ರೇಕ್ ಹಾಕುವುದೇ ಇಲ್ಲ ಅಂದ ಮೇಲೆ ಬ್ಯಾಟರಿ ಪುಕ್ಕಟೆ ತುಂಬೋದು ಎಲ್ಲಿಂದ?

ಓಡಿಸುವ ಖುಷಿಯಲ್ಲಿ ಕಾಕಾನದೇ ವಾಸಿ ಅನ್ನಿಸಿದ ಜಾಗಗಳಿವೆ. ಶಹಾಬಾದ್, ವಾಡಿ ಕಡೆ ಸಿಮೆಂಟ್ ಲಾರಿಗಳ ಸಾಲನ್ನು ದಾಟಬೇಕಾದಾಗ ನನ್ನ ಗಾಡಿ ಹೋಗುತ್ತದೆ, ಇಂಜಿನ್, ಮೋಟರು ಎರಡೂ ಸೇರಿ 116 ಪಿಎಸ್ ಶಕ್ತಿ ಇದೆ, ಆದರೆ ಕಾಲು ಪೂರ್ತಿ ಒತ್ತಿದರೆ ಮೂರು ಸಿಲಿಂಡರಿನ ಸದ್ದು ಒಳಗೆಲ್ಲ ತುಂಬುತ್ತದೆ. ಮೈಲ್ಡ್ 103 ಪಿಎಸ್ಸು, ಮೂರನೇ ಗೇರಿಗೆ ಇಳಿಸಲೇಬೇಕು, ಆದರೂ ಇಂಜಿನ್ ನಯವಾಗಿದೆ. ಬೆಳಗಿನ ಜಾವ ಗಲ್ಲಿಯಿಂದ ಸದ್ದಿಲ್ಲದೆ ಗಾಡಿ ಹೊರಗೆ ತೆಗೆಯುವ ಸುಖ ಮಾತ್ರ ಸ್ಟ್ರಾಂಗ್‌ಗೇ ಸೈ.

ಡಿಕ್ಕಿಯಲ್ಲಿ ಸ್ಟ್ರಾಂಗ್ ಸೋತಿದೆ. ಬ್ಯಾಟರಿ ಅಲ್ಲೇ ಕೂತಿರುವುದರಿಂದ 265 ಲೀಟರ್ ಅಷ್ಟೇ, ಮೈಲ್ಡ್‌ನಲ್ಲಿ 373. ಹೊಲದಿಂದ ಎರಡು ಚೀಲ ತೊಗರಿ, ದಾರಿಯಲ್ಲಿ ಕಮಲಾಪುರದ ಕೆಂಪು ಬಾಳೆಗೊನೆ ಒಂದು, ಇಷ್ಟು ಕಾಕಾನ ಡಿಕ್ಕಿಯಲ್ಲಿ ಆರಾಮಾಗಿ ಕೂತವು. ನನ್ನದರಲ್ಲಿ ಒಂದು ಚೀಲ ಹಿಂದಿನ ಸೀಟಿಗೆ ಬಂತು.

ಅದರಿಂದಲೇ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಬ್ಯಾಟರಿಯನ್ನು ತಂಪಾಗಿಡಲು ಗಾಡಿಯ ಒಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ, ಆ ಗಾಳಿಕಿಂಡಿ ಹಿಂದಿನ ಸೀಟಿನ ಹತ್ತಿರ ಇದೆ. ನಾನಿಟ್ಟ ಚೀಲ ಅದಕ್ಕೆ ಅಡ್ಡ ಬಂದಿತ್ತು. ಚೀಲ ಸರಿಸಿ ನೋಡಿದರೆ ಜಾಲರಿಯ ಮೇಲೆ ಬೂದು ಬಣ್ಣದ ಧೂಳು ಒಂದು ಪದರ ಕೂತಿದೆ, ಬೆರಳಾಡಿಸಿದರೆ ಅರಳೆಯ ಹಾಗೆ ಎದ್ದು ಬಂತು. ಹಳೇ ಟೂತ್ ಬ್ರಷ್ ತಗೊಂಡು ಅಲ್ಲೇ ಕೂತು ತೆಗೆದೆ. ಹೈಬ್ರಿಡ್ ಬ್ಯಾಟರಿಗೆ ಟೊಯೋಟಾ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಕೊಡುತ್ತದೆ, ಹಾಗಂತ ನಮ್ಮ ಎರೆಮಣ್ಣಿನ ಧೂಳಿನಲ್ಲಿ ಆ ಕಿಂಡಿಯನ್ನು ಮರೆಯಬೇಡಿ. ತಿಂಗಳಿಗೊಮ್ಮೆ ನೋಡಿ. ಅಲ್ಲಿ ಚೀಲ, ಬಟ್ಟೆ ಏನೂ ಇಡಬೇಡಿ.

ಇನ್ನು ಅಕ್ಕನ ಮಾತು. ಅವಳು ಯಾದಗಿರಿಯಿಂದ ದಿನಾ ಶಹಾಪುರಕ್ಕೆ ಹೋಗಿ ಬರುತ್ತಾಳೆ, ತಿಂಗಳಿಗೆ 1,600 ಕಿಲೋಮೀಟರ್, ಬಹಳಷ್ಟು ಖಾಲಿ ರಸ್ತೆ. ಆ ಓಟಕ್ಕೆ ಸ್ಟ್ರಾಂಗ್ ಉಳಿಸೋದು ತಿಂಗಳಿಗೆ 14 ಲೀಟರ್, ಅಂದಾಜು 1,400 ರೂಪಾಯಿ. ಮೂರೂವರೆ ಲಕ್ಷ ವಾಪಸ್ ಬರೋಕೆ ಇಪ್ಪತ್ತು ವರ್ಷ ಬೇಕು. ನನ್ನ ಹಾಗೆ ತಿಂಗಳಿಗೆ ಸಾವಿರ ಕಿಲೋಮೀಟರ್ ಊರೊಳಗೇ ತಿರುಗುವವರಿಗೆ ಏಳು ವರ್ಷದಲ್ಲಿ ಬರುತ್ತದೆ, ಜೊತೆಗೆ ಆ ತಂಪು. ನನ್ನ ಗಾಡಿ ನನಗೆ ಎಷ್ಟೇ ಇಷ್ಟ ಇದ್ದರೂ ಅಕ್ಕನಿಗೆ ಮೈಲ್ಡ್, ಮ್ಯಾನುವಲ್ ತಗೋ ಅಂತಲೇ ಹೇಳಿದೆ. "ಲೋಗೋ ಯಾವುದೋ?" ಅಂದಳು. ನಿನ್ನ ಮನೆಗೆ ಯಾವುದರ ಸರ್ವೀಸ್ ಹತ್ತಿರವೋ ಅದು ಅಕ್ಕಾ, ಬಣ್ಣ ಮಾತ್ರ ಬಿಳಿಯದೇ ತಗೋ, ಗಾಡಿ ಬಿಸಿಲಲ್ಲೇ ನಿಲ್ಲಬೇಕಲ್ಲ ಅಂದೆ.