ಶಿವಮೊಗ್ಗ–ಬೆಂಗಳೂರು ವಿಮಾನ: ಕ್ಯಾಮೆರಾ ಹೊತ್ತವರಿಗೆ ಹೇಗೆ?

ಸೋಗಾನೆಯ ಕುವೆಂಪು ವಿಮಾನ ನಿಲ್ದಾಣದಿಂದ 2023ರ ಆಗಸ್ಟ್ 31ರಂದು ಬೆಂಗಳೂರಿನ ವಿಮಾನ ಶುರುವಾಯಿತು. ಆಗುಂಬೆಯ ಕಪ್ಪೆಗೋ ಮಂಡಗದ್ದೆಯ ಬೆಳ್ಳಕ್ಕಿಗೋ ಬರುವವರಿಗೆ ರಾತ್ರಿ ಬಸ್ಸಿನ ಕುಲುಕಾಟ ತಪ್ಪಿತು. ಸುಮಾರು ಒಂದು ತಾಸಿನ ಹಾರಾಟ. ಸೇವೆ ಚೆನ್ನಾಗಿಯೇ ಇದೆ, ಆದರೆ ಇಲ್ಲಿ ಹಾರುವ ಎಟಿಆರ್ 72 ಎಂಬ ಪುಟ್ಟ ವಿಮಾನದ ಅಳತೆಗೆ ಚೀಲ ಕಟ್ಟಿದವರಿಗೆ ಮಾತ್ರ.

ತೊಡಕಿರುವುದು ತಲೆ ಮೇಲಿನ ಗೂಡಿನಲ್ಲಿ. ದೊಡ್ಡ ವಿಮಾನದಲ್ಲಿ ಸಲೀಸಾಗಿ ಕೂರುವ ಟ್ರಾಲಿ ಇಲ್ಲಿ ಹಿಡಿಸುವುದಿಲ್ಲ. ವಿಮಾನದ ಬಳಿಯೇ ಟ್ಯಾಗ್ ಕಟ್ಟಿ ಕೆಳಗೆ ಲಗೇಜಿಗೆ ಹಾಕುತ್ತಾರೆ. ಆ ಗಡಿಬಿಡಿಯಲ್ಲಿ ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಹೊರತೆಗೆಯಲೇಬೇಕು, ಏಕೆಂದರೆ ಲಿಥಿಯಂ ಬಿಡಿ ಬ್ಯಾಟರಿ ಲಗೇಜಿನಲ್ಲಿ ಹೋಗುವಂತಿಲ್ಲ. ಅಲ್ಲಿ ಬೆಂಕಿ ಹೊತ್ತಿದರೆ ಆರಿಸುವವರಿರುವುದಿಲ್ಲ. ಹಾಗಾಗಿ ಗಟ್ಟಿ ಪೆಟ್ಟಿಗೆ ಬಿಟ್ಟು ತೆಳ್ಳಗಿನ ಮೆದು ಬೆನ್ನುಚೀಲ ತನ್ನಿ. ಬ್ಯಾಟರಿ, ಮೆಮೊರಿ ಕಾರ್ಡುಗಳ ಪುಟ್ಟ ಪೌಚ್ ಮೇಲೆಯೇ ಕೈಗೆ ಸಿಗುವಂತಿರಲಿ.

ಕೈಚೀಲಕ್ಕೆ 7 ಕೆಜಿ ಮಿತಿ. ನಿಕಾನ್ ಝಡ್8 ಕ್ಯಾಮೆರಾ 910 ಗ್ರಾಂ, ದೂರದ ಹಕ್ಕಿಗೆ ಬೇಕಾದ 180–600 ಲೆನ್ಸ್ ಟ್ರೈಪಾಡ್ ಕಾಲರ್ ಸೇರಿ 2,140, ಹತ್ತಿರದಿಂದ ತೆಗೆಯುವ 105 ಮ್ಯಾಕ್ರೊ ಲೆನ್ಸ್ 630: ಇಷ್ಟಕ್ಕೇ 3,680 ಗ್ರಾಂ. ಖಾಲಿ ಚೀಲವೇ 2 ಕೆಜಿ ತೂಗಿದರೆ ಫ್ಲ್ಯಾಶ್, ಚಾರ್ಜರ್‌ಗೆ ಉಳಿಯುವುದು 1,300 ಗ್ರಾಂ ಚಿಲ್ಲರೆ. ಮ್ಯಾಕ್ರೊ ಲೆನ್ಸನ್ನು ಜಾಕೆಟ್ ಜೇಬಿಗೆ ಇಳಿಸುವುದು ಹಳೆಯ ಉಪಾಯ, ಈಗಲೂ ನಡೆಯುತ್ತದೆ. ಟ್ರೈಪಾಡ್ ಮಾತ್ರ ಲಗೇಜಿಗೆ ಹಾಕಿ, ಅದರ ತಲೆ ಬಿಚ್ಚಿ ಬಟ್ಟೆ ಸುತ್ತಿ. ಚಾಕು, ಪಾನಾಗಳೂ ಅದರ ಜೊತೆಗೇ. ಲೆನ್ಸ್ ಹಾಕಬೇಡಿ. ಕಳೆದರೆ ಪರಿಹಾರಕ್ಕೆ ನಿಗದಿತ ಮಿತಿಯಿದೆ, ಲೆನ್ಸಿನ ಬೆಲೆ ನೋಡಿ ಯಾರೂ ಕೊಡುವುದಿಲ್ಲ.

ಬ್ಯಾಟರಿಯ ಲೆಕ್ಕ: ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ವ್ಯಾಟ್-ಅವರ್. 100ರವರೆಗೆ ಕೇಳುವವರಿಲ್ಲ, 100ರಿಂದ 160ಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಕ್ಯಾಮೆರಾ ಬ್ಯಾಟರಿ 16ರ ಸುಮಾರು. 20,000 ಎಂಎಎಚ್ (20 ಆಂಪಿಯರ್-ಅವರ್) ಪವರ್ ಬ್ಯಾಂಕ್ 3.7 ವೋಲ್ಟಿನ ಲೆಕ್ಕಕ್ಕೆ 74, 30,000ದ್ದು 111; ಸಿಕ್ಕಿಬೀಳುವುದು ಎರಡನೆಯದು. ಬಿಡಿ ಬ್ಯಾಟರಿಯ ತುದಿಗೆ ಟೇಪ್ ಹಚ್ಚಿ, ಬೀಗದ ಕೈ ತಗುಲಿದರೂ ಶಾರ್ಟ್ ಆಗುತ್ತದೆ. ತಪಾಸಣೆಯ ಎಕ್ಸ್‌ರೇಯಿಂದ ಸೆನ್ಸರ್, ಕಾರ್ಡಿಗೆ ಏನೂ ಆಗದು. ಫಿಲಂ ಇದ್ದವರು ಕೈಯಲ್ಲೇ ಪರೀಕ್ಷಿಸುವಂತೆ ಕೇಳಿಕೊಳ್ಳಿ.

ಮಳೆಗಾಲದ ಮಾತೇ ಬೇರೆ. ಮೋಡ ಕೆಳಗಿಳಿದ ದಿನ ವಿಮಾನ ಇಳಿಯದೆ ವಾಪಸ್ ಹೋಗುವುದುಂಟು, ಬದಲಿಗೆ ರಾತ್ರಿ ರೈಲಿನ ಟಿಕೆಟ್ ನೋಡಿಟ್ಟುಕೊಳ್ಳಿ. ಇಳಿದ ತಕ್ಷಣ ಕ್ಯಾಮೆರಾ ತೆಗೆಯಬೇಡಿ; ತಣ್ಣನೆಯ ಗಾಜಿನ ಮೇಲೆ ನಮ್ಮೂರಿನ ತೇವದ ಗಾಳಿ ಕೂತು ಮಬ್ಬು ಹಿಡಿಯುತ್ತದೆ. ಅರ್ಧ ಮುಕ್ಕಾಲು ಗಂಟೆ ಚೀಲ ಮುಚ್ಚಿಯೇ ಇರಲಿ. ಮಲೆನಾಡಲ್ಲಿ ವಾರ ನಿಲ್ಲುವವರು ತೇವ ಹೀರುವ ಸಿಲಿಕಾ ಜೆಲ್ ಹರಳು ಜೊತೆಗಿಟ್ಟುಕೊಳ್ಳಿ, ಇಲ್ಲದಿದ್ದರೆ ಬೂಷ್ಟು ಉಪ್ಪಿನಕಾಯಿಗಿಂತ ಮೊದಲು ಲೆನ್ಸಿಗೆ ಬರುತ್ತದೆ. ನೀಲಿ ಹರಳು ಗುಲಾಬಿಯಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿಯಾಗುತ್ತದೆ; ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ.