ಜಿಆರ್‌ಇ ಓದು, ಐಇಎಲ್‌ಟಿಎಸ್ ಓದು, ಮೂರು ಬಗೆಯ ಎಸ್‌ಒಪಿ: ಮಾಡಿ ನೋಡಿದ ಮೇಲೆ

ಹತ್ತನೇ ತರಗತಿವರೆಗೂ ನಾನು ಓದಿದ್ದು ತಿಪಟೂರು ತಾಲ್ಲೂಕಿನ ಕನ್ನಡ ಮಾಧ್ಯಮದ ಶಾಲೆಯಲ್ಲಿ. ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಲ್ಲಿ ಕೆಲಸ ಮಾಡ್ತಾ ವಿದೇಶದಲ್ಲಿ ಎಂಎಸ್‌ಗೆ ಅರ್ಜಿ ಹಾಕಲು ಹೊರಟಾಗ ಒಂದೇ ವರ್ಷದಲ್ಲಿ ಎರಡೂ ಪರೀಕ್ಷೆ ಬರೆದೆ: ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಜಿಆರ್‌ಇ, ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ಅಳೆಯುವ ಐಇಎಲ್‌ಟಿಎಸ್. ಈ ಓದು ನನಗೆ ಯಾಕೆ ಬೇಕು ಅಂತ ಅರ್ಜಿಯ ಜೊತೆ ಕೊಡುವ ಪ್ರಬಂಧ, ಅಂದರೆ ಎಸ್‌ಒಪಿಯನ್ನಂತೂ ಮೂರು ರೀತಿ ಬರೆದು ನೋಡಿದೆ. ಊರಿನ ಹುಡುಗರು ಯಾವುದಕ್ಕೆ ಎಷ್ಟು ಸಮಯ ಕೊಡಬೇಕು ಅಂತ ಫೋನ್ ಮಾಡಿ ಕೇಳುತ್ತಿರುತ್ತಾರೆ. ಅವರಿಗಾಗಿ ಇದು.

ಮೊದಲು ಐಇಎಲ್‌ಟಿಎಸ್ ಅಕಾಡೆಮಿಕ್‌ನ ಓದಿನ ಭಾಗ. 60 ನಿಮಿಷ, ಮೂರು ಉದ್ದನೆಯ ಪಾಠ, 40 ಪ್ರಶ್ನೆ. 30 ಸರಿಯಾದರೆ ಸುಮಾರು 7 ಬ್ಯಾಂಡ್ (9ಕ್ಕೆ ಕೊಡುವ ಅಂಕ). ಇಲ್ಲಿ ಉತ್ತರ ಪಾಠದ ಒಳಗೇ ಇರುತ್ತದೆ, ಹುಡುಕಬೇಕು ಅಷ್ಟೆ. ಎರಡು ಪದ ಮೀರಬಾರದು ಅಂದಲ್ಲಿ ಮೂರು ಪದ ಬರೆದರೆ ಅಂಕವಿಲ್ಲ, ಕಾಗುಣಿತ ತಪ್ಪಿದರೂ ಇಲ್ಲ. ಇವೆಲ್ಲ ಒಂದು ವಾರದಲ್ಲಿ ರೂಢಿಯಾದವು. ನನ್ನನ್ನು ತಿಂಗಳುಗಟ್ಟಲೆ ಕಾಡಿದ್ದು 'ಟ್ರೂ, ಫಾಲ್ಸ್, ನಾಟ್ ಗಿವನ್' ಮಾತ್ರ: ಕೊಟ್ಟ ಹೇಳಿಕೆ ಪಾಠದ ಪ್ರಕಾರ ನಿಜವೋ, ಸುಳ್ಳೋ, ಇಲ್ಲಾ ಪಾಠ ಅದನ್ನು ಹೇಳೇ ಇಲ್ಲವೋ ಅಂತ ಗುರುತಿಸುವುದು. ಫಾಲ್ಸ್‌ಗೂ ನಾಟ್ ಗಿವನ್‌ಗೂ ಗೆರೆ ಎಲ್ಲಿ ಅಂತ ತಿಳಿಯುತ್ತಿರಲಿಲ್ಲ.

ಕೊನೆಗೆ ನಮ್ಮೂರಿನದೇ ಮಾತಲ್ಲಿ ಕೂತು ಬಿಡಿಸಿಕೊಂಡೆ. ಪಾಠದಲ್ಲಿ 'ಈ ವರ್ಷ ಕೊಬ್ಬರಿ ಬೆಲೆ ಏರಿತು' ಅಂತ ಇದೆ ಅಂದುಕೊಳ್ಳಿ. 'ಬೆಲೆ ಇಳಿಯಿತು' ಅಂದರೆ ಫಾಲ್ಸ್, ಪಾಠ ಅದನ್ನು ಅಲ್ಲಗಳೆಯುತ್ತದೆ. 'ಬೆಲೆ ಏರಿದ್ದರಿಂದ ರೈತರ ಆದಾಯ ಹೆಚ್ಚಿತು' ಅಂದರೆ? ನಮಗೆ ನಿಜ ಅನ್ನಿಸುತ್ತದೆ. ಆದರೆ ಆ ವರ್ಷ ಫಸಲೇ ಅರ್ಧ ಬಂದಿದ್ದರೆ? ಪಾಠ ಆದಾಯದ ಸುದ್ದಿಯನ್ನೇ ಎತ್ತಿಲ್ಲ, ಹಾಗಾಗಿ ನಾಟ್ ಗಿವನ್. ನನ್ನ ತಪ್ಪುಗಳಲ್ಲಿ ಬಹುಪಾಲು ಹೀಗೆ ನನಗೆ ಗೊತ್ತಿದ್ದದ್ದನ್ನು ಪಾಠದ ಬಾಯಲ್ಲಿ ಇಟ್ಟದ್ದರಿಂದಲೇ ಆದವು. ಇದು ಹಿಡಿತಕ್ಕೆ ಬಂದ ಮೇಲೆ ಅಭ್ಯಾಸ ಪರೀಕ್ಷೆಗಳಲ್ಲಿ 26ರ ಆಸುಪಾಸಿನಿಂದ 33ಕ್ಕೆ ಹೋದೆ.

ಜಿಆರ್‌ಇ ಬೇರೆಯೇ ಜಾತಿ. 2023ರ ಸೆಪ್ಟೆಂಬರ್‌ನಿಂದ ಪರೀಕ್ಷೆ 1 ಗಂಟೆ 58 ನಿಮಿಷಕ್ಕೆ ಇಳಿದಿದೆ. ಭಾಷೆಯನ್ನು ಪರೀಕ್ಷಿಸುವ ವರ್ಬಲ್‌ನಲ್ಲಿ ಎರಡು ಭಾಗ ಸೇರಿ 27 ಪ್ರಶ್ನೆ, 41 ನಿಮಿಷ. ಮೊದಲ ಭಾಗದಲ್ಲಿ ಹೇಗೆ ಮಾಡಿದಿರಿ ಅನ್ನುವುದರ ಮೇಲೆ ಎರಡನೆಯದರ ಕಷ್ಟ ನಿಂತಿದೆ. ಪಾಠ ಚಿಕ್ಕದು, ಕೆಲವೊಮ್ಮೆ ಒಂದೇ ಪ್ಯಾರಾ. ಆದರೆ ಕೇಳುವುದು 'ಲೇಖಕರು ಏನು ಹೇಳಿದರು' ಅಂತಲ್ಲ, 'ಈ ವಾಕ್ಯವನ್ನು ಇಲ್ಲಿ ಯಾಕೆ ಇಟ್ಟರು' ಅಂತ. ಐಇಎಲ್‌ಟಿಎಸ್‌ನಂತೆ ಕಣ್ಣಾಡಿಸಿ ಹುಡುಕುವ ಓದು ಇಲ್ಲಿ ಕೈಕೊಡುತ್ತದೆ.

ಎಲ್ಲರೂ ಮಾಡುವಂತೆ ನಾನೂ ಪದಪಟ್ಟಿಯಿಂದ ಶುರು ಮಾಡಿದೆ. ಬಸ್ಸಲ್ಲಿ ಕೂತು ಮೊಬೈಲಲ್ಲಿ ಸಾವಿರದಷ್ಟು ಪದ ಉರುಹೊಡೆದೆ. ಖಾಲಿ ಜಾಗ ತುಂಬುವ ಪ್ರಶ್ನೆಗಳಿಗೆ ಅದು ನೆರವಾಯಿತು, ಇಲ್ಲ ಅನ್ನಲಾರೆ. ಆದರೆ ಓದಿನಲ್ಲಿ ನನ್ನನ್ನು ಬೀಳಿಸಿದ್ದು ಗೊತ್ತಿಲ್ಲದ ಪದಗಳಲ್ಲ, ದಿನಾ ಬಳಸುವ ಪದಗಳು. 'ಕ್ವಾಲಿಫೈ' ಅಂದರೆ ನಮಗೆ ಪಾಸಾಗುವುದು, ಅರ್ಹತೆ ಪಡೆಯುವುದು. ಆದರೆ ಲೇಖಕರು ಒಂದು ವಾದವನ್ನು ಕ್ವಾಲಿಫೈ ಮಾಡಿದರು ಅಂದರೆ ಅದಕ್ಕೆ ಮಿತಿ ಹಾಕಿದರು, ಸ್ವಲ್ಪ ಸಡಿಲಿಸಿದರು ಅಂತ. 'ಅರೆಸ್ಟ್' ಅಂದರೆ ಅಲ್ಲಿ ಬೆಳವಣಿಗೆಯನ್ನು ತಡೆಯುವುದು, ಪೊಲೀಸರ ಸುಳಿವೇ ಇರಲ್ಲ. ಇಂಥವು ಪಟ್ಟಿಯಲ್ಲಿ ಸಿಗುವುದು ಕಡಿಮೆ.

ವಾರಾಂತ್ಯದ ಒಂದು ಕೋಚಿಂಗ್‌ಗೂ ಎರಡು ತಿಂಗಳು ಹೋದೆ. ಗಣಿತಕ್ಕೆ ಚೆನ್ನಾಗಿತ್ತು, ಓದಿಗೆ ಸರಿಯುತ್ತರ ಹೇಳಿ ಮುಂದೆ ಹೋಗುತ್ತಿದ್ದರು. ನನಗೆ ಬೇಕಿದ್ದದ್ದು ಉಳಿದ ನಾಲ್ಕು ಯಾಕೆ ತಪ್ಪು ಅನ್ನುವುದು. ಮನೆಗೆ ಬಂದು ಇನ್ನೂರು ಪುಟದ ನೋಟ್‌ಬುಕ್ಕಲ್ಲಿ ತಪ್ಪಿದ ಪ್ರತಿ ಪ್ರಶ್ನೆಗೂ ಕನ್ನಡದಲ್ಲೇ ಎರಡು ಸಾಲು ಬರೆಯಲು ಶುರು ಮಾಡಿದೆ: ನಾನು ಏನು ನಂಬಿ ಆ ಆಯ್ಕೆ ಒತ್ತಿದೆ, ಪಾಠದ ಯಾವ ಪದ ಅದನ್ನು ಕೆಡವಿತು. ಜಿಆರ್‌ಇ ನಡೆಸುವ ಇಟಿಎಸ್ ಸಂಸ್ಥೆ ಉಚಿತವಾಗಿ ಕೊಡುವ ಪವರ್‌ಪ್ರೆಪ್‌ನ ಮೊದಲ ಅಭ್ಯಾಸ ಪರೀಕ್ಷೆಯಲ್ಲಿ ವರ್ಬಲ್ 146 ಬಂದಿತ್ತು, ನಿಜವಾದ ಪರೀಕ್ಷೆಯಲ್ಲಿ 155 ಬಂತು. ಪದಪಟ್ಟಿ, ಕೋಚಿಂಗ್, ನೋಟ್‌ಬುಕ್ ಈ ಮೂರರಲ್ಲಿ ಒಂದನ್ನೇ ಆರಿಸು ಅಂದರೆ ನೋಟ್‌ಬುಕ್ಕನ್ನೇ ಆರಿಸುತ್ತೇನೆ. ಎರಡೂ ಬರೆಯುವವರು ಜಿಆರ್‌ಇ ಮೊದಲು ಮುಗಿಸಿಕೊಳ್ಳಿ. ಆಮೇಲೆ ಐಇಎಲ್‌ಟಿಎಸ್ ಪಾಠ ಹಗುರ ಅನ್ನಿಸುತ್ತದೆ. ಜಿಆರ್‌ಇ ಅಂಕ ಐದು ವರ್ಷ ನಡೆಯುತ್ತದೆ, ಐಇಎಲ್‌ಟಿಎಸ್ ಎರಡೇ ವರ್ಷ.

ಇನ್ನು ಎಸ್‌ಒಪಿ. ಜಿಆರ್‌ಇಯ 30 ನಿಮಿಷದ ಪ್ರಬಂಧದ ಅಭ್ಯಾಸ ಇದಕ್ಕೆ ಆಗಿಬರುವುದಿಲ್ಲ. ಅಲ್ಲಿ ಕೊಟ್ಟ ಹೇಳಿಕೆಯ ಮೇಲೆ ವಾದ, ಇಲ್ಲಿ ನಿಮ್ಮದೇ ಲೆಕ್ಕ ಒಪ್ಪಿಸುವುದು.

ಮೊದಲನೆಯದನ್ನು ಒಬ್ಬ ಕನ್ಸಲ್ಟೆಂಟ್ ಬರೆದುಕೊಟ್ಟರು. 'ಚಿಕ್ಕಂದಿನಿಂದಲೂ ತಂತ್ರಜ್ಞಾನದ ಬಗ್ಗೆ ಅಪಾರ ಕುತೂಹಲ' ಎಂದು ಆರಂಭ. ಅವರ ಬಳಿಯೇ ಹೋಗಿದ್ದ ಗೆಳೆಯನದನ್ನು ಪಕ್ಕದಲ್ಲಿಟ್ಟು ನೋಡಿದರೆ ಮೊದಲ ಪ್ಯಾರಾ ಅಕ್ಷರಶಃ ಒಂದೇ. ಕೊಟ್ಟ ದುಡ್ಡಿಗಿಂತ ಅದು ಹೆಚ್ಚು ನೋವು ಕೊಟ್ಟಿತು. ಎರಡನೆಯದನ್ನು ನಾನೇ ನೇರವಾಗಿ ಇಂಗ್ಲಿಷಲ್ಲಿ ಬರೆದೆ. ವ್ಯಾಕರಣ ಸರಿಯಿತ್ತು, ಆದರೆ ಗೊತ್ತಿರುವ ಪದಗಳು ಕರೆದ ಕಡೆಗೆಲ್ಲ ವಾಕ್ಯ ಹೋಗಿಬಿಡುತ್ತಿತ್ತು. ಹೇಳಬೇಕಾದ್ದು ಹಿಂದೆಯೇ ಉಳಿಯುತ್ತಿತ್ತು.

ಮೂರನೆಯದನ್ನು ಕನ್ನಡದಲ್ಲಿ ಬರೆದೆ. ನಾನು ಪವರ್ ಸಿಸ್ಟಮ್ಸ್ (ವಿದ್ಯುತ್ ಜಾಲದ ವಿಷಯ) ಓದಬೇಕು ಅಂದುಕೊಂಡದ್ದು ಎಲ್ಲಿಂದ? ತೋಟಕ್ಕೆ ತ್ರೀ ಫೇಸ್ ರಾತ್ರಿ ಹೊತ್ತು ಬರುತ್ತಿತ್ತು. ಅಪ್ಪ ಟಾರ್ಚ್ ಹಿಡಿದು ಸ್ಟಾರ್ಟರ್ ಒತ್ತಲು ಹೋಗುತ್ತಿದ್ದರು, ನಾನು ಹಿಂದೆ. ವೋಲ್ಟೇಜ್ ಕುಸಿದು ಮೋಟರ್ ಸುಟ್ಟ ವರ್ಷ ಗಿಡಗಳಿಗೆ ಹದಿನೈದು ದಿನ ನೀರಿಲ್ಲ. ಇದು ಇಂಗ್ಲಿಷ್ ಕರಡಿನಲ್ಲಿ ಒಂದು ಸಾಲೂ ಇರಲಿಲ್ಲ. ಕನ್ನಡದಲ್ಲಿ ಅದೇ ಮೊದಲ ಪ್ಯಾರಾ ಆಯಿತು, ಕಾಲೇಜಿನ ಪ್ರಾಜೆಕ್ಟ್ ಅದರ ಬೆನ್ನಿಗೇ ಬಂತು. ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಂಥ ಕಡೆ ಓದಿನ ಉದ್ದೇಶಕ್ಕೆ ಒಂದು, ಬದುಕಿನ ಹಿನ್ನೆಲೆಗೆ ಇನ್ನೊಂದು ಪ್ರಬಂಧ ಬೇರೆಯಾಗಿ ಕೇಳುತ್ತಾರೆ. ಅಂಥಲ್ಲಿಗೆ ತೋಟದ ಭಾಗವನ್ನು ಎರಡನೆಯದಕ್ಕೆ ಸರಿಸಿದರಾಯಿತು.

ಕನ್ನಡದಲ್ಲಿದ್ದದ್ದರಿಂದ ಅಪ್ಪನಿಗೂ ಓದಲು ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿ, ಮೊದಲ ಪ್ಯಾರಾದಲ್ಲಿ ಬೆರಳಿಟ್ಟರು. "ಸುಟ್ಟಿದ್ದು ಸ್ಟಾರ್ಟರ್ ಕಾಯಿಲ್ ಅಲ್ಲ ಕಣೋ, ಮೋಟರಿನ ವೈಂಡಿಂಗು. ಕಾಯಿಲ್ ಹೋಗಿದ್ದು ಅದರ ಹಿಂದಿನ ವರ್ಷ." ಅವರು ಹೇಳಿದ್ದೇ ಸರಿ. ವೋಲ್ಟೇಜ್ ಇಳಿದಾಗ ಅದೇ ಭಾರ ಎಳೆಯಲು ಮೋಟರ್ ಹೆಚ್ಚು ಕರೆಂಟ್ ಎಳೆದುಕೊಳ್ಳುತ್ತದೆ, ವೈಂಡಿಂಗ್ ಕಾದು ಸುಡುತ್ತದೆ. ಆ ಸಾಲನ್ನು ತಿದ್ದಿ, ಕಾರಣವನ್ನೂ ಸೇರಿಸಿ, ಆಮೇಲೆ ಇಂಗ್ಲಿಷಿಗೆ ಕೂತೆ.