ಫಾಯಿಲ್ ರೆಕ್ಕೆಯ ಒಳಗೆ ಏನಿರಬೇಕು? ಹೆಬ್ಬೇವು, ಎರಡು ಫೋಮ್, ಒಂದು ಪ್ರಿಂಟ್

ಫಾಯಿಲ್ ರೆಕ್ಕೆ ಎಂದರೆ ಸರ್ಫ್ ಬೋರ್ಡಿನ ಕೆಳಗೆ ನೀರಿನೊಳಗೆ ಓಡುತ್ತಾ ಬೋರ್ಡನ್ನು ಮೇಲೆತ್ತುವ ರೆಕ್ಕೆ. ಮನೆಯಲ್ಲಿ ಕಟ್ಟಿದ್ದು ಕೈಕೊಡುವುದು ಹೆಚ್ಚಾಗಿ ಎರಡೇ ಕಡೆ: ನಡುವಿನ ಬೋಲ್ಟುಗಳ ಪಕ್ಕ, ಇಲ್ಲವೇ ಹಿಂದಂಚು. ಹೊರಗೆ ಹೊದಿಸುವ ಕಾರ್ಬನ್ ಎಳೆಯ ಬಟ್ಟೆ ಎಷ್ಟು ಪದರ ಎಂಬ ಚರ್ಚೆ ಬೇಕಾದಷ್ಟು ನಡೆಯುತ್ತದೆ. ಆ ಎರಡು ಜಾಗದಲ್ಲಿ ಒಳಗಿನ ತಿರುಳು ಹೇಗೆ ನಡೆದುಕೊಳ್ಳುತ್ತದೆ ಎಂದು ಕೇಳುವವರು ಕಡಿಮೆ. ಒಂದೇ ಅಳತೆಯ ರೆಕ್ಕೆಯನ್ನು ನಾಲ್ಕು ಬಗೆಯ ತಿರುಳಿನಲ್ಲಿ ತುಮಕೂರಿನ ಶೆಡ್ಡಿನಲ್ಲಿ ಕಟ್ಟಿ, ಬೆಂಚಿನ ಮೇಲೆ ಭಾರ ಹೇರಿ, ಮುಲ್ಕಿಯ ಅಲೆಯಲ್ಲಿ ಓಡಿಸಿ ನೋಡಿದ ಹೋಲಿಕೆ ಇದು.

ನಾಲ್ಕಕ್ಕೂ ಅಳತೆ ಒಂದೇ. ತುದಿಯಿಂದ ತುದಿಗೆ 900 ಮಿ.ಮೀ., ವಿಸ್ತೀರ್ಣ 1300 ಚದರ ಸೆಂ.ಮೀ., ನಡುವಿನ ಅಗಲ 180 ಮಿ.ಮೀ., ಅಡ್ಡಕೊಯ್ತ ನಾಕಾ 63-412 (ವಿಮಾನದ ರೆಕ್ಕೆಗೆಂದು ಗೊತ್ತುಮಾಡಿದ ಆಕಾರಗಳಲ್ಲಿ ಒಂದು). ದಪ್ಪ ಅಗಲದ ಶೇ. 12, ಅಂದರೆ ನಡುವಿನಲ್ಲಿ 21-22 ಮಿ.ಮೀ. ಸವಾರ, ಬೋರ್ಡು ಸೇರಿ 85 ಕೆ.ಜಿ. ಆದರೆ ಸೆಕೆಂಡಿಗೆ 4 ಮೀಟರ್ ವೇಗದ ಹೊತ್ತಿಗೆ ಈ ರೆಕ್ಕೆ ಎತ್ತುತ್ತದೆ. ಹೊದಿಕೆಯೂ ಒಂದೇ: ±45 ಡಿಗ್ರಿಯ, ಚದರ ಮೀಟರಿಗೆ 200 ಗ್ರಾಂ ತೂಗುವ ಕಾರ್ಬನ್ ಎರಡು ಪದರ, ಅದರ ಕೆಳಗೆ ಉದ್ದುದ್ದಕ್ಕೆ ಎಳೆಯಿರುವ 300 ಗ್ರಾಂ ಯುನಿಡೈರೆಕ್ಷನಲ್, ನಡುವಿನಲ್ಲಿ 4 ಪದರ, ತುದಿಗೆ ಹೋಗುತ್ತಾ 2. ಇಷ್ಟಾದರೆ ಹೊದಿಕೆ ಸುಮಾರು 1.5 ಮಿ.ಮೀ. ದಪ್ಪ ಬರುತ್ತದೆ. ತಿರುಳಿನ ಟೆಂಪ್ಲೇಟಿನಿಂದ ಎರಡೂ ಬದಿಗೆ ಅಷ್ಟನ್ನು ಕಳೆಯದಿದ್ದರೆ ರೆಕ್ಕೆ ಉಬ್ಬಿದಂತಾಗಿ ಅಡ್ಡಕೊಯ್ತವೇ ಬೇರೆಯಾಗುತ್ತದೆ.

ಬೆಂಚಿನ ಲೆಕ್ಕ ಸರಳ. 75 ಕೆ.ಜಿ. ಸವಾರ ಪಂಪ್ ಮಾಡುವಾಗ, ಅಂದರೆ ವೇಗ ಉಳಿಸಿಕೊಳ್ಳಲು ಕಾಲಿನಿಂದ ಬೋರ್ಡನ್ನು ಒತ್ತಿ ಒತ್ತಿ ಬಿಡುವಾಗ, ಮೂರು ಪಟ್ಟು ಭಾರ ಬೀಳುತ್ತದೆ ಎಂದುಕೊಂಡರೆ ಒಂದೊಂದು ಪಕ್ಕಕ್ಕೆ 112 ಕೆ.ಜಿ. ಅದು ನಡುವಿನಿಂದ 190 ಮಿ.ಮೀ. ದೂರದಲ್ಲಿ ಬಿದ್ದಂತೆ. ರೆಕ್ಕೆಯನ್ನು ಮಗುಚಿ ಬಿಗಿದು, ಆ ಎರಡು ಜಾಗಕ್ಕೆ ಅಗಲದ ಪಟ್ಟಿ ಹಾಕಿ ಮರಳಿನ ಚೀಲ ತೂಗಬೇಕು. ಮಗುಚುವುದನ್ನು ಮರೆಯಬಾರದು: ನೀರಿನಲ್ಲಿ ಮೇಲ್ಮೈ ಒತ್ತಡಕ್ಕೆ, ಕೆಳಮೈ ಎಳೆತಕ್ಕೆ ಸಿಗುತ್ತದೆ. ನೆಟ್ಟಗಿಟ್ಟು ತೂಗಿದರೆ ಪರೀಕ್ಷೆ ತಲೆಕೆಳಗು.

ಎಲ್ಲಕ್ಕಿಂತ ಹಗುರ ಎಕ್ಸ್‌ಪಿಎಸ್ (ಪಾಲಿಸ್ಟೈರಿನ್ ಫೋಮ್), ತಾರಸಿಗೆ ಹಾಕುವ ಆ ನೀಲಿ ಅಥವಾ ಗುಲಾಬಿ ಹಲಗೆ. ನೈಕ್ರೋಮ್ ತಂತಿ ಕಾಯಿಸಿ, ಎರಡು ತುದಿಗೆ ಸನ್‌ಮೈಕಾ ಟೆಂಪ್ಲೇಟ್ ಅಂಟಿಸಿದರೆ ತಿರುಳು ನಿಮಿಷಗಳಲ್ಲಿ ಕೈಗೆ ಬರುತ್ತದೆ, ತೂಕ 40 ಗ್ರಾಂ ಆಸುಪಾಸು. ಸುಖ ಅಲ್ಲಿಗೆ ಮುಗಿಯಿತು. ನಡುವೆ ಗಟ್ಟಿಮರದ ತುಂಡು ಕೂರಿಸಲೇಬೇಕು. ಮರ ಮುಗಿದು ಫೋಮ್ ಶುರುವಾಗುವ ಗೆರೆಯಲ್ಲೇ ಒತ್ತಡದ ಬದಿಯ ಕಾರ್ಬನ್ ಸುಕ್ಕುಗಟ್ಟಿ ಟಪ್ಪೆಂದು ಮಡಚುತ್ತದೆ. ಕಾರ್ಬನ್ನಿಗೆ ಶಕ್ತಿ ಸಾಲದೆ ಹೀಗಾಗುವುದಿಲ್ಲ, ಅದನ್ನು ನೆಟ್ಟಗೆ ಹಿಡಿದಿಡುವಷ್ಟು ಗಡಸು ಫೋಮಿಗಿಲ್ಲ. ಮುನ್ಸೂಚನೆಯೂ ಇಲ್ಲ. ಮರದ ತುಂಡಿನ ತುದಿಯನ್ನು ನೇರವಾಗಿ ಕತ್ತರಿಸದೆ ಮೀನಿನ ಬಾಲದಂತೆ 80 ಮಿ.ಮೀ. ಸೀಳಿ ಚೂಪಾಗಿಸಿದರೆ ಸ್ವಲ್ಪ ಮುಂದೂಡಬಹುದು, ಅಷ್ಟೆ. ಬಟ್ಟೆಯನ್ನು ಅಂಟಿಸಿ ಗಟ್ಟಿಮಾಡುವ ರೆಸಿನ್ ಪಾಲಿಯೆಸ್ಟರ್ ಆಗಿದ್ದು ತಗುಲಿದರೆ ಅದರಲ್ಲಿನ ಸ್ಟೈರಿನ್ ಈ ಫೋಮನ್ನು ಕರಗಿಸುತ್ತದೆ, ಎಪಾಕ್ಸಿಯೇ ಗತಿ. ಅಲೆಯ ಫಾಯಿಲಿಗೆ ಇದನ್ನು ನಾವು ಒಪ್ಪುವುದಿಲ್ಲ. ಹಿಂಬದಿಯ ಚಿಕ್ಕ ರೆಕ್ಕೆಗೂ ಬೇಡ, ಅಲ್ಲಿ ಉಳಿಯುವ ತೂಕ ಲೆಕ್ಕಕ್ಕೇ ಬಾರದು.

ಘನ ಮೀಟರಿಗೆ 80 ಕೆ.ಜಿ. ಸಾಂದ್ರತೆಯ ಪಿವಿಸಿ ಫೋಮ್ ಬೇರೆಯೇ ಜಾತಿ. ಒತ್ತಿದರೆ ತಡೆಯುವ ಶಕ್ತಿ ಸುಮಾರು 1.4 ಮೆಗಾಪ್ಯಾಸ್ಕಲ್, ಎಕ್ಸ್‌ಪಿಎಸ್‌ಗೆ ಹೋಲಿಸಿದರೆ ನಾಲ್ಕೈದು ಪಟ್ಟು. ತಿರುಳು 100 ಗ್ರಾಂ, ಪೂರ್ತಿ ರೆಕ್ಕೆ 750 ಗ್ರಾಂ. ಮುಕ್ಕಾಲು ಕೆಲಸ ಉಪ್ಪುಕಾಗದದ್ದೇ. ಬಿಸಿ ತಂತಿಯಿಂದ ಕೊಯ್ಯಲು ಹೋಗಬಾರದು, ಕ್ಲೋರಿನ್ ಬೆರೆತ ವಿಷದ ಹೊಗೆ ಬರುತ್ತದೆ. ಬೋಲ್ಟಿನ ಜಾಗಕ್ಕೆ ಇಲ್ಲೂ ಮರದ ತುಂಡು ಬೇಕು. ಕೈ ಪಳಗಿದವರಿಗೆ, ಅಂದರೆ ಗಾಳಿ ಎಳೆದು ಹೊದಿಕೆಯನ್ನು ತಿರುಳಿಗೆ ಒತ್ತಿಹಿಡಿಯುವ ವ್ಯಾಕ್ಯೂಮ್ ಚೀಲವನ್ನು ಸೋರದಂತೆ ಮುಚ್ಚಬಲ್ಲವರಿಗೆ, ನಾಲ್ಕರಲ್ಲಿ ಇದೇ ಒಳ್ಳೆಯ ರೆಕ್ಕೆ. ಪಂಪ್ ಮಾಡುವಾಗ ಆ ಹಗುರತನ ಕಾಲಿಗೆ ಗೊತ್ತಾಗುತ್ತದೆ.

ಮೊದಲ ರೆಕ್ಕೆ ಕಟ್ಟುವವರಿಗೆ ನಮ್ಮ ಓಟು ಹೆಬ್ಬೇವಿಗೆ. ಹೊರದೇಶಗಳಲ್ಲಿ ಈ ಕೆಲಸಕ್ಕೆ ಪೌಲೋನಿಯಾ ಮರ ಬಳಸುತ್ತಾರೆ. ನಮ್ಮ ಕಡೆ ರೈತರು ಪ್ಲೈವುಡ್ಡಿಗೆಂದು ಬೆಳೆಸುವ ಹೆಬ್ಬೇವು ಅದಕ್ಕಿಂತ ಭಾರ, ಆದರೆ ನೆಟ್ಟನೆಯ ಎಳೆ, ಗಂಟು ಕಡಿಮೆ, ಸಾಮಿಲ್ಲಿನಲ್ಲಿ ಕೇಳಿದ ಅಳತೆಗೆ ಸಿಗುತ್ತದೆ. ಒಣಗಿದ ಹಲಗೆಯನ್ನೇ ಕೊಳ್ಳಬೇಕು, ತೇವ ಶೇ. 12 ದಾಟಿರಬಾರದು. 25 ಮಿ.ಮೀ. ಪಟ್ಟಿಗಳಾಗಿ ಸೀಳಿ, ಒಂದು ಬಿಟ್ಟು ಒಂದನ್ನು ತಿರುಗಿಸಿ ಎಪಾಕ್ಸಿಯಲ್ಲಿ ಅಂಟಿಸಿದರೆ ಸೊಟ್ಟಗಾಗುವುದು ತಪ್ಪುತ್ತದೆ. ಪ್ರತಿ 100 ಮಿ.ಮೀ.ಗೆ ಒಂದರಂತೆ ಬೇಕಾದ ಆಳಕ್ಕೆ ಗರಗಸದ ಗೀರು ಹಾಕಿ, ಗೀರು ಮಾಯವಾಗುವವರೆಗೆ ಕೀಸುಳಿ ಆಡಿಸುವುದು. ಸಿಎನ್‌ಸಿ ಇಲ್ಲದೆಯೂ ಅರ್ಧ ಮಿ.ಮೀ. ಒಳಗೆ ಬರುತ್ತದೆ. ಬೋಲ್ಟಿಗೆ ಬೇರೆ ತುಂಡು ಬೇಡ. ರೆಕ್ಕೆ 1.1 ಕೆ.ಜಿ. ತೂಗಿದರೂ ಅದರ ಗಾತ್ರ ಒಂದೂವರೆ ಲೀಟರ್, ಬಿಟ್ಟರೆ ತೇಲುತ್ತದೆ. ಭಾರ ಮಿತಿ ಮೀರಿದಾಗ ಮರ ಮೊದಲು ಲಟಲಟ ಎನ್ನುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಕಡಲಲ್ಲಿ ಇದು ದೊಡ್ಡ ಗುಣ.

ಮರದ ಒಂದು ಕಾಟ ಗುಳ್ಳೆ. ಬಿಸಿಯೇರುವ ಹೊತ್ತಿನಲ್ಲಿ ರೆಸಿನ್ ಬಳಿದರೆ ಎಳೆಯೊಳಗಿನ ಗಾಳಿ ಹಿಗ್ಗಿ ಹೊರಗೆ ನುಗ್ಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಬಳಿದ ಮರ ಮಧ್ಯಾಹ್ನಕ್ಕೆ ಸಿಡುಬು ಎದ್ದಂತಿರುತ್ತದೆ. ಸಂಜೆ, ಶೆಡ್ಡು ತಣ್ಣಗಾಗುವಾಗ ತೆಳುವಾಗಿ ಒಂದು ಕೈ ಬಳಿದು ಮುಚ್ಚಿಬಿಡಬೇಕು.

3ಡಿ ಪ್ರಿಂಟರಿನಲ್ಲಿ ಪಿಎಲ್‌ಎ ಪ್ಲಾಸ್ಟಿಕ್ಕಿನಿಂದ ಪ್ರಿಂಟ್ ಮಾಡಿದ ತಿರುಳು ನೋಡಲು ಚೆಂದ, ಆಕಾರ ನಿಖರ, ತೂಕ 430 ಗ್ರಾಂ. ಅಚ್ಚಾಗುವ ತಟ್ಟೆ 220 ಮಿ.ಮೀ. ಇರುವ ಪ್ರಿಂಟರಿನಲ್ಲಿ ಐದು ತುಂಡು ಮಾಡಿ 4 ಮಿ.ಮೀ. ಕಾರ್ಬನ್ ಕಡ್ಡಿಯಿಂದ ಜೋಡಿಸಬೇಕು. ಪಿಎಲ್‌ಎ 60 ಡಿಗ್ರಿಗೇ ಮೆತ್ತಗಾಗುತ್ತದೆ. ಕಪ್ಪು ಕಾರ್ಬನ್ ಹೊದ್ದ ರೆಕ್ಕೆ ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ಬಿದ್ದಿದ್ದರೆ ಅಲ್ಲೇ ತಿರುಚಿಕೊಳ್ಳಬಹುದು. ಗೋಡೆ ತೆಳುವಾದರೆ ವ್ಯಾಕ್ಯೂಮಿಗೆ ಇನ್‌ಫಿಲ್ (ಒಳಗಿನ ಜಾಲರಿ) ನಡುವೆ ತಗ್ಗು ಬೀಳುತ್ತದೆ, ಬೋಲ್ಟಿನ ತೂತಿನಿಂದ ನೀರು ಒಳಹೊಕ್ಕರೆ ಹೊರಬರುವುದಿಲ್ಲ. ಪ್ರಿಂಟರ್ ಇದ್ದವರು ಅದರಲ್ಲಿ ಟೆಂಪ್ಲೇಟ್, ಬೋಲ್ಟಿನ ಜಿಗ್ ಮಾಡಿಕೊಳ್ಳಲಿ.

ವ್ಯಾಕ್ಯೂಮಿನ ಬಗ್ಗೆ ಒಂದು ಮಾತು. ತುಮಕೂರು ಸಮುದ್ರಮಟ್ಟದಿಂದ ಸುಮಾರು 820 ಮೀ. ಮೇಲಿದೆ, ಇಲ್ಲಿ ಗೇಜು 690 ಮಿ.ಮೀ. ಪಾದರಸ ದಾಟುವುದಿಲ್ಲ. 760 ಬರಲಿಲ್ಲವೆಂದು ಸೋರಿಕೆ ಹುಡುಕುತ್ತಾ ಕೂತರೆ ರೆಸಿನ್ ಗಟ್ಟಿಯಾಗುತ್ತದೆ. ಮರಕ್ಕೂ ಪಿವಿಸಿಗೂ ಪೂರ್ತಿ ಎಳೆಯಬಹುದು. ಎಕ್ಸ್‌ಪಿಎಸ್‌ಗೂ ಪ್ರಿಂಟಿಗೂ ಅರ್ಧ ಸಾಕು. ಹಾಲು ಕರೆಯುವ ಯಂತ್ರದ ಹಳೆ ಪಂಪು ಹೆಚ್ಚುಕಡಿಮೆ ಅಷ್ಟೇ, 50 ಕಿಲೋಪ್ಯಾಸ್ಕಲ್ ಎಳೆಯುತ್ತದೆ, ಗಂಟೆಗಟ್ಟಲೆ ಓಡಿದರೂ ದಣಿಯದು. ಎಲ್‌ವೈ 556 ಎಪಾಕ್ಸಿ ರೆಸಿನ್‌ಗೆ ಅದನ್ನು ಗಟ್ಟಿಮಾಡುವ ಎಚ್‌ವೈ 951 ತೂಕದಲ್ಲಿ 100ಕ್ಕೆ 10, ಅಳತೆ ಕಣ್ಣಂದಾಜಿನದಲ್ಲ. ಬೇಸಿಗೆಯಲ್ಲಿ ಒಂದು ಲೋಟಕ್ಕೆ 100 ಗ್ರಾಂ ಮೀರಿ ಕಲಸಿದರೆ ಲೋಟದಲ್ಲೇ ಹೊಗೆಯಾಡುತ್ತದೆ.

ಹಿಂದಂಚಿಗೆ ಯಾವ ತಿರುಳೂ ಸಾಲದು. ತಿರುಳನ್ನು 10 ಮಿ.ಮೀ. ಮೊದಲೇ ನಿಲ್ಲಿಸಿ, ಎರಡೂ ಹೊದಿಕೆಯನ್ನು ಹತ್ತಿಯ ಪುಡಿ ಬೆರೆಸಿದ ಎಪಾಕ್ಸಿಯಲ್ಲಿ ಕೂಡಿಸಿ, ಅಂಚನ್ನು 1 ಮಿ.ಮೀ.ಗೆ ತರಬೇಕು. ಅಂಚು ದುಂಡಗಿದ್ದರೆ ಸುಳಿಗಳು ಒಂದೇ ಲಯದಲ್ಲಿ ಕಳಚಿ ರೆಕ್ಕೆ ಗುಂಯ್‌ಗುಡುತ್ತದೆ. ಒಂದು ಬದಿಗೆ 30-45 ಡಿಗ್ರಿ ಓರೆ ಹೊಡೆದರೆ ಸದ್ದಡಗುತ್ತದೆ. ಎಡಬಲ ತುದಿಗಳ ತಿರುಚು ನೋಡಲು ಎರಡು ನೇರ ಕಡ್ಡಿ ಅಂಟಿಸಿ ಹಿಂದಿನಿಂದ ಕಣ್ಣು ಹಾಯಿಸಿ. 100 ಮಿ.ಮೀ. ಅಗಲಕ್ಕೆ 1.7 ಮಿ.ಮೀ. ವ್ಯತ್ಯಾಸವೆಂದರೆ 1 ಡಿಗ್ರಿ, ಬೋರ್ಡು ಒಂದೇ ಕಡೆಗೆ ಎಳೆಯಲು ಅಷ್ಟು ಸಾಕು.

ಕಾರ್ಬನ್ ಅಲ್ಯೂಮಿನಿಯಂ ಫ್ಯೂಸ್‌ಲಾಜಿಗೆ (ಮುಂದಿನ, ಹಿಂದಿನ ರೆಕ್ಕೆಗಳನ್ನು ಜೋಡಿಸುವ ದಂಡಕ್ಕೆ) ನೇರ ತಾಗಿದರೆ ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಪುಡಿಯಾಗುತ್ತದೆ. ಕೂರುವ ಜಾಗಕ್ಕೆ ಗ್ಲಾಸ್ ಬಟ್ಟೆಯ ಒಂದು ಪದರ ಹಾಕಿ. ಎಂ6 ಬೋಲ್ಟು 316 ಸ್ಟೇನ್‌ಲೆಸ್ಸಿನದೇ ಇರಲಿ. ತೂತನ್ನು ಮೊದಲು 10 ಮಿ.ಮೀ. ಕೊರೆದು, ಎಪಾಕ್ಸಿ ತುಂಬಿ, ಆಮೇಲೆ 6ಕ್ಕೆ ಕೊರೆಯಿರಿ. ಹೀಗೆ ಮಾಡಿದರೆ ಹೆಬ್ಬೇವಿಗೂ ನೀರು ಇಳಿಯದು.